ನಲವತ್ತು ಮಾರು ಆಳದ ಸಿಟ್ಟು

ನಾನು ಸಿಟ್ಟಿನ ಹೆಂಗಸು ಎಂದು ಚಳ್ಳಕೆರೆಯಲ್ಲಿ ಎಲ್ಲರಿಗೂ ಗೊತ್ತು. ಸಿಟ್ಟು ಯಾಕೆ ಬರುತ್ತದೆ ಎಂದು ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಸಮುದ್ರದ ಬಸವನಹುಳುಗಳನ್ನು ಕಟ್ಟಿಕೊಂಡು ಈ ಬಯಲುಸೀಮೆಯಲ್ಲಿ ಮೂವತ್ತು ವರ್ಷ ಬದುಕಿ ನೋಡಿ, ಆಮೇಲೆ ಮಾತಾಡೋಣ. ಸಿಟ್ಟು ಬರಿಸುವ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ, ಅದೂ ನಾನು ಊಟಕ್ಕೆ ಕೂತಾಗಲೋ ತರಗತಿಗೆ ಹೊರಟಾಗಲೋ.

ಹುಟ್ಟಿದ್ದು ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ. ಕೆಲಸ ಚಳ್ಳಕೆರೆಯ ಒಂದು ಕಾಲೇಜಿನಲ್ಲಿ, ಪ್ರಾಣಿಶಾಸ್ತ್ರ ಪಾಠ ಹೇಳುವುದು. ಓದುವ ಕಾಲದಲ್ಲಿ ಕರಾವಳಿಗೆ ಹೋಗಿ ಮೊದಲ ಸಲ ಸಮುದ್ರ ಕಂಡವಳು ನಾನು. ಆಮೇಲೆ ಪ್ರತಿ ಬೇಸಿಗೆ ರಜೆಯಲ್ಲೂ ಬಂದರಿಗೆ ಹೋಗಿ, ಬಲೆ ಕೊಡವಿದಾಗ ಬೀಳುವ ಕಸದ ಮುಂದೆ ಕೂತು ಚಿಪ್ಪು ಆರಿಸಿದ್ದೇನೆ. ಒಂದೊಂದು ಚಿಪ್ಪಿಗೂ ಒಂದು ಚೀಟಿ. ಸಿಕ್ಕ ಊರು, ಎಷ್ಟು ಆಳ, ಏನು ತಿನ್ನುತ್ತದೆ. ಮೀನುಗಾರರು ಆಳವನ್ನು ಮಾರಿನಲ್ಲಿ ಹೇಳುತ್ತಿದ್ದರು. ಎರಡು ಕೈ ಚಾಚಿದರೆ ಎಷ್ಟು ಉದ್ದವೋ ಅದು ಒಂದು ಮಾರು. ನಾನೂ ಮಾರಿನಲ್ಲೇ ಬರೆದೆ, ಕನ್ನಡದಲ್ಲೇ ಬರೆದೆ.

ಆ ಚಿಪ್ಪುಗಳೆಲ್ಲ ಪ್ರಯೋಗಾಲಯದ ಒಂದು ಮರದ ಬೀರುವಿನಲ್ಲಿದ್ದವು. ಬೀರುವೇ ನನ್ನ ಸಮುದ್ರ. ಮೇಲಿನ ಖಾನೆ ದಡದ ಬಂಡೆ, ಅಲ್ಲಿ ಪಾಚಿ ಕೆರೆದು ತಿನ್ನುವ ಬಡಪಾಯಿಗಳು. ಅದರ ಕೆಳಗೆ ಮರಳು, ಅಲ್ಲಿ ಬೇಟೆಗಾರರು. ತೀರ ಕೆಳಗಿನ ಖಾನೆಯಲ್ಲಿ ಬಿಸಿಲು ಸರಿಯಾಗಿ ಮುಟ್ಟದ ಆಳದವು. ಚೀಟಿ ಇದ್ದರೆ ಅದು ವಿಜ್ಞಾನ, ಚೀಟಿ ಇಲ್ಲದಿದ್ದರೆ ಸಮುದ್ರದ ದಂಡೆಯಲ್ಲಿ ಮಾರುವ ಆಟಿಕೆ.

ನಿವೃತ್ತಿಗೆ ಒಂದು ವರ್ಷ ಇರುವಾಗಲೇ ಪ್ರಿನ್ಸಿಪಾಲರು ಹೇಳಿದರು, "ಮೇಡಂ, ನೀವು ಹೋದ ಮಾರನೇ ದಿನ ಆ ಬೀರು ಖಾಲಿ ಮಾಡಿಸ್ತೀನಿ. ಜಾಗ ಬೇಕು."

"ಚಿಪ್ಪು ಏನು ಮಾಡ್ತೀರಿ ಸಾರ್?"

"ಸುಣ್ಣಕ್ಕೆ ಆಗಲ್ವಾ?" ಎಂದರು.

ಅವತ್ತು ನಾನು ಊಟ ಮಾಡಲಿಲ್ಲ. ಊರೂರಿಗೆ ಪತ್ರ ಬರೆದೆ. ಕೊನೆಗೆ ದೂರದ ಒಂದು ಸಂಗ್ರಹಾಲಯದವರು ಒಪ್ಪಿದರು. ಆದರೆ ಅವರದೊಂದು ಷರತ್ತು. ಅವರ ಕಡೆಯವರು ಬಂದು ರಿಜಿಸ್ಟರ್ ಹಿಡಿದು ನೋಡುತ್ತಾರೆ. ಪ್ರತಿ ಚಿಪ್ಪೂ ತನ್ನ ಚೀಟಿಯ ಸಮೇತ ಸಿಗಬೇಕು. ಒಂದು ಕಡಿಮೆಯಾದರೂ ಇಡೀ ಬೀರು ಬೇಡ. ಅಂದರೆ ಸುಣ್ಣದ ಗೂಡು. ಈಗ ಹೇಳುವುದೆಲ್ಲ ಆ ಒಂದು ವರ್ಷದಲ್ಲಿ ನಡೆದದ್ದು.

ಸಸ್ಯಾಹಾರಿ ಶಂಖ

ತರಗತಿಯಲ್ಲಿ ಆಹಾರಕ್ರಮದ ಪಾಠ ಮಾಡುತ್ತಿದ್ದೆ. ಶಂಖ ಎನ್ನುವುದು ಒಂದು ಬಸವನಹುಳುವಿನ ಮನೆ, ಅದು ಹತ್ತು ಮಾರು ನೀರಿನಲ್ಲಿ ಮರಳೊಳಗೆ ಇರುತ್ತದೆ, ಮರಳಿನಲ್ಲಿರುವ ಹುಳುಗಳನ್ನು ತಿಂದು ಬದುಕುತ್ತದೆ ಎಂದೆ. ಯಾರೂ ನೋಟ್ಸ್ ಬರೆದುಕೊಳ್ಳಲಿಲ್ಲ. ಆದರೆ ಒಬ್ಬಳು ಹುಡುಗಿ ಮನೆಗೆ ಹೋಗಿ ಹೇಳಿಬಿಟ್ಟಿದ್ದಳು. ನಾನು ಹೇಳಿದ ಮಾತು ಒಂದಾದರೂ ಮನೆ ಮುಟ್ಟಿತಲ್ಲ ಎಂದು ಸಂತೋಷಪಡುವಷ್ಟರಲ್ಲಿ ಮಾರನೇ ದಿನ ಆಕೆಯ ಅಪ್ಪ ಬಂದರು.

ಅವರು ಊರಿನ ಎಣ್ಣೆ ಮಿಲ್ಲಿನ ಸಾವ್ಕಾರ್ರು. ಬಿಳಿ ಅಂಗಿ, ಬಿಳಿ ಪಂಚೆ, ಬೆಳ್ಳುಳ್ಳಿಯ ವಾಸನೆ ಬಂದರೆ ಆ ಬೀದಿಯನ್ನೇ ಬಿಟ್ಟು ಹೋಗುವ ಮನುಷ್ಯ.

"ಮೇಡಂ, ನಮ್ಮ ದೇವರ ಮನೇಲಿರೋ ಶಂಖ ಮಾಂಸ ತಿಂತೈತೆ ಅಂದ್ರಂತೆ."

"ಈಗ ತಿನ್ನಲ್ಲ ಸಾವ್ಕಾರ್ರೆ. ಬದುಕಿದ್ದಾಗ ತಿಂತಿತ್ತು."

"ಏನು ತಿಂತಿತ್ತು?"

"ಹುಳ."

ಸಾವ್ಕಾರ್ರು ಕಣ್ಣು ಮುಚ್ಚಿಕೊಂಡರು. "ನಮ್ಮ ಅವ್ವ ಬೆಳಿಗ್ಗೆಯಿಂದ ನೀರು ಮುಟ್ಟಿಲ್ಲ. ಅರವತ್ತು ವರ್ಷದಿಂದ ಅದೇ ಶಂಖದ ತೀರ್ಥ ತಗೊಂಡೋಳು. ನೀವು ಮನೆಗೆ ಬಂದು ಸುಳ್ಳು ಹೇಳಿದೆ ಅನ್ನಬೇಕು."

ನನಗೆ ಸಿಟ್ಟು ನೆತ್ತಿಗೇರಿತು. ಸುಳ್ಳು ಹೇಳಿದೆ ಎಂದು ಹೇಳುವುದೇ ಸುಳ್ಳು ಅಲ್ಲವೇ. "ಸಾವ್ಕಾರ್ರೆ, ಅದು ಸಮುದ್ರದ ತಳದಲ್ಲಿ ಇರೋ ಪ್ರಾಣಿ. ಅಲ್ಲಿ ಶೇಂಗಾ ಬೆಳೆಯಲ್ಲ. ಅದೇನು ಉಪವಾಸ ಸಾಯಬೇಕಿತ್ತಾ?" ಎಂದು ಜೋರಾಗಿಯೇ ಕೇಳಿದೆ. ಪಕ್ಕದ ರಸಾಯನಶಾಸ್ತ್ರದವರು ಬಾಗಿಲಲ್ಲಿ ಬಂದು ನಿಂತರು. ಅವರು ನನ್ನ ಸಿಟ್ಟನ್ನು ನೋಡಲು ಬರುವವರು, ತಡೆಯಲು ಬರುವವರಲ್ಲ.

ಸಾವ್ಕಾರ್ರು ವ್ಯಾಪಾರಸ್ಥರು. ಒಂದು ಮಾಲು ಆಗಲಿಲ್ಲವೆಂದರೆ ಇನ್ನೊಂದು ಕೇಳುವುದು ಅವರ ಅಭ್ಯಾಸ. ಬೀರುವಿನ ಕಡೆ ನೋಡಿ, "ಹೋಗ್ಲಿ ಬಿಡ್ರಿ, ಇದರಲ್ಲಿ ಸೊಪ್ಪುಸದೆ ತಿನ್ನೋದು ಯಾವುದಾದ್ರೂ ಐತಾ?" ಎಂದರು.

ನಾನು ಮೇಲಿನ ಖಾನೆಯಿಂದ, ಪಾಠಕ್ಕೆಂದು ಇಟ್ಟಿದ್ದ, ರಿಜಿಸ್ಟರಿಗೆ ಸೇರದ ದಡದ ಬಂಡೆಯ ಹುಳುವಿನ ಚಿಪ್ಪೊಂದನ್ನು ತೆಗೆದು ಅವರ ಅಂಗೈ ಮೇಲಿಟ್ಟೆ. ಹುಣಸೆಬೀಜಕ್ಕಿಂತ ಸಣ್ಣದು. "ಇದು ಪಾಚಿ ಬಿಟ್ಟು ಬೇರೆ ಮುಟ್ಟಲ್ಲ. ಊದಿ ನೋಡ್ರಿ."

ಊದುವುದಿರಲಿ, ತುಟಿಗಿಟ್ಟರೆ ನುಂಗಿಯೇ ಹೋಗುತ್ತಿತ್ತು. ಸಾವ್ಕಾರ್ರು ಅದನ್ನು ಬೆಳಕಿಗೆ ಹಿಡಿದು, ತಿರುವಿ, ವಾಸನೆ ನೋಡಿದರು. ಇನ್ನು ಎದ್ದು ಬೈದು ಹೋಗುತ್ತಾರೆ ಎಂದು ನಾನೂ ಬೈಗುಳ ಸಿದ್ಧ ಮಾಡಿಕೊಂಡೆ.

"ಶಬ್ದ ಬರದಿದ್ರೂ ಪರವಾಗಿಲ್ಲ ಮೇಡಂ," ಎಂದರು. "ಪಾಚಿ ಬಿಟ್ಟು ಏನೂ ತಿಂದಿಲ್ಲ ಅಂತ ಕಾಲೇಜಿನ ಸೀಲು ಹಾಕಿ ಬರ್ಕೊಡ್ರಿ. ಅವ್ವ ನೀರು ಕುಡೀತಾಳೆ."

ಗ್ರೂಪ್ ಫೋಟೋ

ನಮ್ಮ ಪ್ರಯೋಗಾಲಯದ ಅಟೆಂಡರ್ ಮೊಳಕಾಲ್ಮೂರು ರಸ್ತೆಯ ಒಂದು ಹಟ್ಟಿಯವನು. ಇಪ್ಪತ್ತು ವರ್ಷ ನನ್ನ ಬೈಗುಳ ತಿಂದೂ ದಪ್ಪಗಾದ ಏಕೈಕ ಮನುಷ್ಯ. ಹೇಳಿದ ಕೆಲಸವನ್ನು ಹೇಳಿದ್ದಕ್ಕಿಂತ ಎರಡು ಪಟ್ಟು ಮಾಡುತ್ತಾನೆ. ಅದೇ ಅವನ ದೋಷ.

ಸಂಗ್ರಹಾಲಯದವರು ಬರುತ್ತಾರೆ, ಬೀರುವಿನ ಧೂಳು ಒರೆಸಯ್ಯ ಎಂದು ಹೇಳಿ ನಾನು ಮೂರು ದಿನ ಪರೀಕ್ಷೆ ಕೆಲಸಕ್ಕೆ ಹೊರಗೆ ಹೋದೆ. ವಾಪಸು ಬಂದಾಗ ಬೀರು ಫಳಫಳ ಹೊಳೆಯುತ್ತಿತ್ತು. ಬಾಗಿಲು ತೆಗೆದೆ. ಪ್ರತಿ ಖಾನೆಯಲ್ಲೂ ದೊಡ್ಡ ಚಿಪ್ಪುಗಳು ಹಿಂದೆ, ನಡುವಿನವು ನಡುವೆ, ಸಣ್ಣವು ಮುಂದೆ. ದಡದವು, ಮರಳಿನವು, ಆಳದವು, ಎಲ್ಲವೂ ಭುಜಕ್ಕೆ ಭುಜ ಕೊಟ್ಟು ನಿಂತಿದ್ದವು. ಪ್ರತಿ ವರ್ಷ ಕೊನೆಯ ವರ್ಷದ ಮಕ್ಕಳ ಗ್ರೂಪ್ ಫೋಟೋಕ್ಕೆ ಬೆಂಚು ಹಾಕಿ ನಿಲ್ಲಿಸುವವನು ಅವನೇ. ನಡುಮಧ್ಯ, ಪ್ರಿನ್ಸಿಪಾಲರು ಕೂರುವ ಜಾಗದಲ್ಲಿ, ಒಂದು ದೊಡ್ಡ ಶಂಖ ಕೂತಿತ್ತು.

"ಚೀಟಿ ಎಲ್ಲಯ್ಯಾ?"

"ಒಂದೂ ಕಳೆದಿಲ್ಲ ಮೇಡಂ," ಎಂದು ಮೇಜಿನ ಖಾನೆಯಿಂದ ಒಂದು ಕಟ್ಟು ತೆಗೆದ. ನನ್ನ ಮೂವತ್ತು ವರ್ಷದ ಚೀಟಿಗಳನ್ನು ನೀಟಾಗಿ ಪೇರಿಸಿ, ದಾರ ಸುತ್ತಿ, ಮೇಲೆ ಹೂವಿನ ಗಂಟು ಹಾಕಿದ್ದ.

ನಾನು ಕೂಗಿದ ಕೂಗಿಗೆ ಕೆಳಗಿನ ತರಗತಿಯಲ್ಲಿ ಪಾಠ ನಿಂತಿತಂತೆ. "ಚಿಪ್ಪು ಬೇರೆ ಚೀಟಿ ಬೇರೆ ಆದ್ರೆ ಎರಡೂ ಸತ್ತಂಗೆ ಕಣಯ್ಯಾ! ಚೀಟಿ ಇಲ್ಲದ ಚಿಪ್ಪು ಅನಾಥ. ಇನ್ನೊಂದು ಸಲ ಇವೆರಡನ್ನ ಬೇರೆ ಮಾಡಿದ್ರೆ ನಿನ್ನನ್ನೇ ಬೇರೆ ಬೇರೆ ಮಾಡ್ತೀನಿ." ಅವನು ತಲೆ ತಗ್ಗಿಸಿ ಪ್ರತಿ ಮಾತನ್ನೂ ಕೇಳಿಸಿಕೊಂಡ. ಕೇಳಿಸಿಕೊಂಡದ್ದು ಎಷ್ಟು ಆಳಕ್ಕೆ ಇಳಿದಿತ್ತು ಎಂದು ನನಗೆ ಆಮೇಲೆ ಗೊತ್ತಾಯಿತು.

ಪುಣ್ಯಕ್ಕೆ ಪ್ರತಿ ಚಿಪ್ಪಿನ ಬಾಯೊಳಗೂ ನಾನು ಮಸಿಯಲ್ಲಿ ನಂಬರ್ ಬರೆದಿದ್ದೆ. ರಿಜಿಸ್ಟರ್ ನೋಡಿ, ನಂಬರ್ ಹುಡುಕಿ, ಚೀಟಿ ಜೋಡಿಸುವುದರಲ್ಲಿ ದಸರಾ ರಜೆ ಪೂರ್ತಿ ಹೋಯಿತು. ಆಗಲೇ ಇನ್ನೊಂದು ಕಂಡದ್ದು.

ಆಳದ ನೀರಿನಲ್ಲಿ ಒಂದು ಜಾತಿಯ ಹುಳು ಇದೆ. ತಳದ ಕೆಸರು ತಿಂದು ಬದುಕುವ ಸಾಧು. ಅದು ತನ್ನ ಬೆನ್ನಿನ ಮೇಲೆ ಸತ್ತ ಚಿಪ್ಪು, ಕಲ್ಲಿನ ಚೂರು ಇವನ್ನೆಲ್ಲ ತಾನೇ ಅಂಟಿಸಿಕೊಂಡು ತಿರುಗುತ್ತದೆ. ನನ್ನ ಹತ್ತಿರ ಅದರ ಒಂದೇ ಒಂದು ಚಿಪ್ಪಿತ್ತು. ಈಗ ನೋಡಿದರೆ ಅದು ಬೋಳು ತಲೆಯ ಹಾಗೆ ನುಣ್ಣಗಾಗಿತ್ತು.

"ಯಾರೋ ಹುಡುಗರು ಗಮ್ ಹಚ್ಚಿ ಕಸ ಅಂಟಿಸಿದ್ರು ಮೇಡಂ," ಎಂದ ಅಟೆಂಡರ್ ಹೆಮ್ಮೆಯಿಂದ. "ಅರ್ಧ ದಿನ ಹಿಡೀತು ಕೀಳಾಕೆ."

ನನಗೆ ಬೈಯಲೂ ಆಗಲಿಲ್ಲ. ಸುಮ್ಮನೆ ಕುರ್ಚಿ ಮೇಲೆ ಕೂತೆ. ನಾನು ಬೈಯದೇ ಇದ್ದದ್ದನ್ನು ನೋಡಿ ಅವನಿಗೆ ಜೀವವೇ ಹೋದಂತಾಯಿತು. ಕಿತ್ತ ಚೂರುಗಳನ್ನು ಅವನು ಎಸೆದಿರಲಿಲ್ಲ, ಒಂದು ಡಬ್ಬಿಯಲ್ಲಿ ಹಾಕಿಟ್ಟಿದ್ದ. ಒಂದು ವಾರ ಮನೆಗೆ ಒಯ್ದು, ಆ ಚಿಪ್ಪಿನ ಹಳೇ ಫೋಟೋ ನೋಡಿಕೊಂಡು, ಅಂಟು ಹಚ್ಚಿ, ಒಂದೊಂದನ್ನೂ ಅದರದರ ಜಾಗದಲ್ಲಿ ಕೂರಿಸಿ ತಂದ.

ನಾನು ಭೂತಗನ್ನಡಿ ಹಿಡಿದು ನೋಡಿದೆ. ಎಲ್ಲ ಸರಿಯಾಗಿತ್ತು. ಆದರೆ ಹಿಂಬದಿಯಲ್ಲಿ ಎರಡು ಹುಣಸೆಬೀಜ, ಒಂದು ಶೇಂಗಾ ಸಿಪ್ಪೆ, ಒಂದು ಅಂಗಿಯ ಗುಂಡಿ.

"ಇದೇನಯ್ಯಾ?"

"ಮೂರ್ನಾಲ್ಕು ಕಡೆ ಖಾಲಿ ಕಾಣ್ತಿತ್ತು ಮೇಡಂ. ಅದು ಬದುಕಿದ್ರೆ ಬಿಡ್ತಿತ್ತಾ?"

ಬಾಗಿಲು ಮಾರುವವರು

ಬಸವನಹುಳು ಒಳಗೆ ಸೇರಿಕೊಂಡಾಗ ಬಾಯಿಗೆ ಅಡ್ಡ ಹಾಕಿಕೊಳ್ಳಲು ಅದರ ಕಾಲಿಗೇ ಒಂದು ಮುಚ್ಚಳ ಅಂಟಿಕೊಂಡಿರುತ್ತದೆ. ಮೀನುಗಾರರು ಮಾಂಸದ ಜೊತೆ ಅದನ್ನೂ ಕಿತ್ತು ಬಿಸಾಡುತ್ತಾರೆ. ಹೀಗಾಗಿ ನನ್ನ ಬೀರುವಿನ ಎಷ್ಟೋ ಚಿಪ್ಪುಗಳು ಬಾಗಿಲಿಲ್ಲದ ಮನೆಗಳು. ವರ್ಷಗಟ್ಟಲೆ ಬಂದರುಗಳಲ್ಲಿ ಬೇಡಿದ್ದೇನೆ, ಸಿಕ್ಕಿದ್ದು ಬೆರಳೆಣಿಕೆಯಷ್ಟು.

ಒಂದು ಶುಕ್ರವಾರ ಪೇಟೆಯಲ್ಲಿ ಊದುಬತ್ತಿ ತರಲು ಅತ್ತರಿನ ಅಂಗಡಿಗೆ ಹೋದೆ. ಭಾಯ್ ತಕ್ಕಡಿಯಲ್ಲಿ ಲೋಬಾನ, ಅಂದರೆ ಸಾಂಬ್ರಾಣಿ, ತೂಗುತ್ತಿದ್ದರು. ಪಕ್ಕದ ತಗಡಿನ ಡಬ್ಬದಲ್ಲಿ ಉಗುರಿನಂಥ ಕಂದು ಬಿಲ್ಲೆಗಳು ತುಂಬಿ ತುಳುಕುತ್ತಿದ್ದವು.

"ಇದೇನು ಭಾಯ್?"

"ಲೋಬಾನದ ಜೊತೆ ಸುಡೋಕೆ ಮೇಡಂಜಿ. ಖುಷ್ಬೂ ನಿಲ್ಲುತ್ತೆ."

"ಇದು ಏನು ಅಂತ ಗೊತ್ತಾ ನಿಮಗೆ?" ನನ್ನ ದನಿ ಆಗಲೇ ಏರಿತ್ತು.

ಭಾಯ್ ತಣ್ಣಗೆ ಹೇಳಿದರು, "ಗೊತ್ತು. ನಮ್ಮ ಅಬ್ಬಾ ಹೇಳಿದ್ರು. ಸಮುದ್ರದ ಹುಳದ ದರ್ವಾಜಾ. ಮಕಾನ್ ನಿಮ್ಮ ಕಾಲೇಜಲ್ಲಿ ಐತೆ, ದರ್ವಾಜಾ ನಮ್ಮ ಅಂಗಡೀಲಿ ಐತೆ."

ನಾನು ಸಮುದ್ರದವರೆಗೆ ಹೋಗಿ ಅಂಗಲಾಚಿದ್ದು ಕಾಲೇಜಿನಿಂದ ಹತ್ತು ನಿಮಿಷದ ದಾರಿಯಲ್ಲಿ ಪೊಟ್ಟಣದ ಲೆಕ್ಕದಲ್ಲಿ ಸುಟ್ಟು ಹೋಗುತ್ತಿತ್ತು. "ಬಾಗಿಲು ಸುಡ್ತೀರಲ್ಲ ಭಾಯ್, ನಿಮ್ಮ ಅಂಗಡಿ ಬಾಗಿಲು ಸುಟ್ರೆ ಸುಮ್ಮನಿರ್ತೀರಾ?" ಎಂದು ಅಲ್ಲೇ ಚಾಪೆ ಮೇಲೆ ಕೂತು ಡಬ್ಬ ಮಗುಚಿದೆ. ಚೀಲದಿಂದ ಭೂತಗನ್ನಡಿ ತೆಗೆದು ಒಂದೊಂದೇ ನೋಡುತ್ತ ಬೇಕಾದ್ದು ಬಲಕ್ಕೆ, ಬೇಡದ್ದು ಎಡಕ್ಕೆ ಹಾಕತೊಡಗಿದೆ. ಬಲಕ್ಕೆ ಹಾಕುವಾಗ "ಅಯ್ಯೋ, ಇದೂ ಇಲ್ಲಿದೆಯಲ್ಲ" ಎನ್ನುತ್ತಿದ್ದೆ, ಎಡಕ್ಕೆ ಹಾಕುವಾಗ ಭಾಯಿಗೆ ಬೈಯುತ್ತಿದ್ದೆ.

ಅಷ್ಟರಲ್ಲಿ ಇಬ್ಬರು ಬುರ್ಖಾದ ಹೆಂಗಸರು ಬಂದರು. ಕನ್ನಡಕ ಹಾಕಿದ ಹೆಂಗಸೊಬ್ಬಳು ಇಷ್ಟು ಕಟ್ಟುನಿಟ್ಟಾಗಿ ಆರಿಸುತ್ತಿದ್ದಾಳೆ ಎಂದರೆ ಬಲಗಡೆಯದೇ ಒಳ್ಳೇ ಮಾಲು ಎಂದು ಅವರಿಗೆ ಖಾತ್ರಿಯಾಯಿತು. "ನಮಗೂ ಅದರಲ್ಲೇ ಕೊಡಿ," ಎಂದರು. ಅವರ ಹಿಂದೆ ಇನ್ನೂ ನಾಲ್ಕು ಜನ. ನಾನು ಬಲಗಡೆಯ ರಾಶಿಯ ಮೇಲೆ ಅಂಗೈ ಅಡ್ಡ ಇಟ್ಟು ಕೂತಷ್ಟೂ ಗಿರಾಕಿಗಳ ಆಸೆ ಹೆಚ್ಚಿತು. ಕೊನೆಗೆ ಸೆರಗಿನಲ್ಲಿ ಹದಿನೆಂಟು ಬಾಗಿಲು ಕಟ್ಟಿಕೊಂಡು ಎದ್ದೆ. ಮಿಕ್ಕ ಡಬ್ಬ ಆಗಲೇ ಖಾಲಿ.

ಭಾಯ್ ನನ್ನಿಂದ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಬಾಗಿಲವರೆಗೆ ಬಂದು ಮೆಲ್ಲಗೆ ಕೇಳಿದರು, "ಮೇಡಂಜಿ, ಮಾರ್ಚಿಗೆ ನಿಮಗೆ ರಿಟೈರ್ ಅಂತಲ್ಲ? ಶುಕ್ರವಾರ ಶುಕ್ರವಾರ ಬಂದು ಹಿಂಗೇ ಬೈಕೊಂಡು ಕೂತ್ಕೊಂಡ್ರೆ ಸಾಕು."

ನೇರಳೆ ಸೀರೆ

ಮೊಳಕಾಲ್ಮೂರಿನಲ್ಲಿ ನಮ್ಮಕ್ಕನ ಮನೆ. ಭಾವ ಮಗ್ಗದಲ್ಲಿ ನೇರಳೆ ಬಣ್ಣದ ರೇಷ್ಮೆ ಸೀರೆ ನೇಯುತ್ತಿದ್ದರು. ನೇರಳೆ ಕಂಡರೆ ನನಗೆ ಸುಮ್ಮನಿರಲು ಆಗುವುದಿಲ್ಲ. "ಭಾವ, ಹಿಂದೆ ಬೇರೆ ದೇಶಗಳಲ್ಲಿ ಈ ಬಣ್ಣ ಸಮುದ್ರದ ಬಸವನಹುಳುವಿನಿಂದ ತೆಗೀತಿದ್ರು. ಅದು ಬೇರೆ ಚಿಪ್ಪಿಗೆ ತೂತು ಕೊರೆದು ಒಳಗಿರೋದನ್ನ ತಿನ್ನೋ ಹುಳು. ಒಂದು ಬಟ್ಟೆಗೆ ಸಾವಿರಾರು ಹುಳು ಬೇಕಾಗ್ತಿತ್ತು," ಎಂದೆ.

ಭಾವ ಲಾಳಿ ನಿಲ್ಲಿಸಿದರು. ನಮ್ಮ ಮನೆತನದಲ್ಲಿ ಸಿಟ್ಟು ನನ್ನೊಬ್ಬಳಿಗೇ ಇರುವುದಲ್ಲ. "ಹುಳ ಬೇಯಿಸಿ ನೂಲು ತೆಗ್ಯೋದು ಸಾಲದು ಅಂತ ಹುಳ ಜಜ್ಜಿ ಬಣ್ಣ ಬ್ಯಾರೆನಾ? ನೇಯೋರ ಪಾಪ ಕೇಳೋರ್ಯಾರು? ಉಡೋರು ಮಾತ್ರ ಬೆಳ್ಳುಳ್ಳಿನೂ ತಿನ್ನಲ್ಲ."

"ಯಾರಿಗೆ ಈ ಸೀರೆ?"

"ನಿಮ್ಮ ಚಳ್ಳಕೆರೆ ಎಣ್ಣೆ ಮಿಲ್ಲಿನ ಸಾವ್ಕಾರ್ರ ಮನೆಗೆ."

ನಾನು ಕೂತಲ್ಲೇ ನಗಲು ಶುರು ಮಾಡಿದೆ. ಶಂಖದ ಕತೆ ಹೇಳಿದೆ. ಭಾವನ ಮುಖ ಮಾತ್ರ ಗಂಭೀರವಾಯಿತು. "ರೇಷ್ಮೆ ಹುಳ ಏನು ತಿಂತೈತೆ?"

"ಹಿಪ್ಪುನೇರಳೆ ಸೊಪ್ಪು. ಬೇರೆ ಏನೂ ಇಲ್ಲ."

"ಹಂಗಾದ್ರೆ ಅದನ್ನೂ ಸೀಲು ಹಾಕಿ ಬರ್ಕೊಟ್ಟು ಹೋಗವ್ವ. ಮಡಚಿದ ಸೀರೇಲಿ ಇಟ್ಟು ಕಳಿಸ್ತೀನಿ."

ನೂರಾ ಹನ್ನೆರಡು

ಸಂಗ್ರಹಾಲಯದವರು ಬರಲು ಎರಡು ದಿನ ಇತ್ತು. ಕೊನೆಯ ಸಲ ರಿಜಿಸ್ಟರ್ ಹಿಡಿದು ಬೀರು ನೋಡುತ್ತ ಬಂದೆ. ತೀರ ಕೆಳಗಿನ ಖಾನೆಯಲ್ಲಿ ನೂರಾ ಹನ್ನೆರಡನೇ ನಂಬರಿನ ಡಬ್ಬಿ ಖಾಲಿ. ಹತ್ತಿಯ ಮೇಲೆ ಗುಳಿ ಮಾತ್ರ ಇತ್ತು.

ಅದು ಒಂದು ಕವಡೆ. ಪಗಡೆ ಆಡುವ ಕವಡೆಯಲ್ಲ, ಮುಷ್ಟಿಯಷ್ಟು ದಪ್ಪದ್ದು, ಮೈಮೇಲೆ ಜೇನಿನ ಬಣ್ಣದ ಚುಕ್ಕಿಗಳು. ಕವಡೆಗಳು ಸಾಮಾನ್ಯವಾಗಿ ದಡದ ಹತ್ತಿರದವು. ಇದು ನಲವತ್ತು ಮಾರು ಆಳದಿಂದ ಬಲೆಗೆ ಬಂದದ್ದು, ಅಲ್ಲಿನ ಸ್ಪಂಜು ಎಂಬ ಪ್ರಾಣಿಯನ್ನು ತಿಂದು ಬದುಕುವಂಥದ್ದು. ಅಂಥದ್ದು ನನಗೆ ಮತ್ತೆ ಸಿಗಲಿಲ್ಲ. ಬೀರುವಿನಲ್ಲಿ ಒಂದನ್ನೇ ಉಳಿಸಿಕೋ ಎಂದು ಯಾರಾದರೂ ಹೇಳಿದ್ದರೆ ಅದನ್ನೇ ಉಳಿಸಿಕೊಳ್ಳುತ್ತಿದ್ದೆ.

ಖಾನೆಯನ್ನೆಲ್ಲ ತಡಕಾಡಿದೆ. ಆಮೇಲೆ ಒಂದು ವಿಷಯ ಗಮನಕ್ಕೆ ಬಂತು. ಡಬ್ಬಿಯಲ್ಲಿ ಚೀಟಿಯೂ ಇರಲಿಲ್ಲ. ಕಳ್ಳನಿಗೆ ಚೀಟಿ ಯಾಕೆ ಬೇಕು? ಚಿಪ್ಪಿನ ಜೊತೆ ಚೀಟಿಯನ್ನೂ ಸೇರಿಸಿ ಕದಿಯುವ ಕಳ್ಳ ಈ ಎರಡೂ ತಾಲೂಕಿನಲ್ಲಿ ಒಬ್ಬನೇ ಇದ್ದ. ಅವನನ್ನು ತಯಾರು ಮಾಡಿದವಳು ನಾನೇ.

ಅಟೆಂಡರ್‌ನನ್ನು ಕರೆದೆ. ಅವನು ಬಾಗಿಲಿಂದ ಒಳಗೆ ಬರಲಿಲ್ಲ.

"ಕದ್ದಿಲ್ಲ ಮೇಡಂ. ದೇವ್ರಿಗೆ ಹಾಕೀನಿ."

ಅವರ ಹಟ್ಟಿಯಲ್ಲಿ ದೇವರ ಎತ್ತುಗಳಿವೆ. ಅವುಗಳ ಹೆಗಲಿಗೆ ನೊಗ ಇಡುವುದಿಲ್ಲ, ಮಾರುವುದಿಲ್ಲ, ಸತ್ತರೆ ಮನುಷ್ಯರ ಹಾಗೆ ಮಣ್ಣು ಮಾಡುತ್ತಾರೆ. ಮುಂದಾಳು ಎತ್ತಿನ ಕೊರಳ ಸರದ ನಡುವಿನ ದೊಡ್ಡ ಕವಡೆ ಒಡೆದು ಹೋಗಿತ್ತಂತೆ. ಅವತ್ತಿನಿಂದ ಎತ್ತು ಮೇವು ಬಿಟ್ಟಿತಂತೆ. ಪೇಟೆಯಲ್ಲೆಲ್ಲ ಹುಡುಕಿದರೂ ಸಿಕ್ಕಿದ್ದು ಸಣ್ಣ ಕವಡೆಗಳೇ.

"ನನ್ನ ಕೇಳಬಹುದಿತ್ತಲ್ಲಯ್ಯಾ?"

"ಕೇಳಿದ್ರೆ ಬೈತಿದ್ರಿ."

"ಈಗ ಬೈಯಲ್ವಾ?"

"ಬೈರಿ ಮೇಡಂ. ಎತ್ತು ಮೇವು ತಿಂದೈತೆ."

ಅವನ ಮೊಪೆಡ್ಡಿನ ಹಿಂದೆ ಕೂತು, ದಾರಿಯುದ್ದಕ್ಕೂ ಅವನ ಬೆನ್ನಿಗೆ ಬೈಯುತ್ತ ಹಟ್ಟಿಗೆ ಹೋದೆ. ಎತ್ತುಗಳನ್ನು ಕೂಡುವ ರೊಪ್ಪ ಇನ್ನೂ ಅಷ್ಟು ದೂರ ಇರುವಾಗಲೇ ಚಪ್ಪಲಿ ಬಿಡಿಸಿದರು. ಜಾಲಿಮುಳ್ಳಿನ ಮೇಲೆ ಬರಿಗಾಲಲ್ಲಿ ನಡೆಯುವಾಗ ಸಿಟ್ಟಿನ ಮುಖ ಇಟ್ಟುಕೊಳ್ಳುವುದು ಸುಲಭವಲ್ಲ. ಹೊರಗಿನವರು ರೊಪ್ಪದೊಳಗೆ ಬರುವಂತಿಲ್ಲವೆಂದರು. ಬೇಲಿಯಾಚೆಯಿಂದಲೇ ನೋಡಿದೆ. ಬಿಳಿ ಎತ್ತು. ಅದರ ಕೊರಳಲ್ಲಿ ನನ್ನ ನೂರಾ ಹನ್ನೆರಡು. ಪಕ್ಕದಲ್ಲಿ ಒಂದು ತಾಮ್ರದ ತಾಯತ.

ಎತ್ತು ಕಾಯುವ ಕಿಲಾರಿ ಅಜ್ಜ ಬಂದರು. ಮನೆಯಲ್ಲಿ ತೆಲುಗು ಆಡುವ ಜನ, ಎತ್ತನ್ನು "ರಾ, ರಾ" ಎಂದು ಕರೆಯುತ್ತಿದ್ದರು.

"ಅಜ್ಜಾರೇ, ಆ ಕವಡೆ ಕಾಲೇಜಿಂದು. ಕೊಡಬೇಕು."

"ಗೊತ್ತೈತೆ ತಾಯಿ," ಎಂದ ಅಜ್ಜ ಕೈ ಮುಗಿದು, ಕಣ್ಣು ಮುಚ್ಚಿ, ಪುಸ್ತಕದ ಕನ್ನಡದಲ್ಲಿ ಶುರು ಮಾಡಿದರು. "ನೂರಾ ಹನ್ನೆರಡು. ಮಲ್ಪೆ. ನಲವತ್ತು ಮಾರು ಆಳ. ಬಲೆಯಲ್ಲಿ ಸಿಕ್ಕಿದ್ದು. ಸ್ಪಂಜು ತಿನ್ನುತ್ತದೆ. ಯಾರೂ ಮುಟ್ಟಬಾರದು."

ಅದು ನನ್ನ ಚೀಟಿ. ಅಕ್ಷರಕ್ಕೆ ಅಕ್ಷರ, ಹುಡುಗರು ಮುಟ್ಟದಿರಲೆಂದು ಕೊನೆಗೆ ಸೇರಿಸಿದ್ದ ಸಾಲಿನ ಸಮೇತ.

ಸರ ಕಟ್ಟುವ ದಿನ ಅಟೆಂಡರ್ ಚೀಟಿಯನ್ನು ಎಲ್ಲರೆದುರು ಗಟ್ಟಿಯಾಗಿ ಓದಿದ್ದನಂತೆ. ಇದನ್ನ ಚಿಪ್ಪಿನಿಂದ ಬೇರೆ ಮಾಡಿದ್ರೆ ಎರಡೂ ಸತ್ತಂಗೆ ಎಂದು ಹೇಳಿ ತಾಯತದಲ್ಲಿ ಹಾಕಿ ಬೆಸುಗೆ ಹಾಕಿಸಿದ್ದನಂತೆ. ಅಂದಿನಿಂದ ಹಟ್ಟಿಯವರು ಬೆಳಿಗ್ಗೆ ಎತ್ತು ಬಿಡುವಾಗ ಅದನ್ನು ಹೇಳಿಯೇ ಬಿಡುತ್ತಾರೆ.

"ಬರೆದೋರು ಯಾರು ತಾಯಿ?"

"ನಾನೇ."

"ಯಾರೂ ಮುಟ್ಟಬಾರದು ಅಂತ ನೀವೇ ಬರೆದೀರಿ. ನಾವೆಂಗೆ ಬಿಚ್ಚಾನ?"

ಮೂವತ್ತು ವರ್ಷದಲ್ಲಿ ನನ್ನ ಮಾತನ್ನು ಅಕ್ಷರಶಃ ಪಾಲಿಸಿದವರು ಅವರೇ ಮೊದಲು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯದೆ ಇನ್ನಷ್ಟು ಸಿಟ್ಟು ಬಂತು. ಬರಿಗಾಲಲ್ಲಿ ವಾಪಸು ಬಂದೆ.

ಸಂಗ್ರಹಾಲಯದವರು ಹೇಳಿದ ದಿನ ಬಂದರು. ತೆಳ್ಳನೆಯ, ಮಾತು ಕಡಿಮೆಯ ಅಧಿಕಾರಿ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಒಂದೊಂದೇ ಚಿಪ್ಪು, ಒಂದೊಂದೇ ಚೀಟಿ ನೋಡಿ ಗುರುತು ಹಾಕಿದರು. ಬೆನ್ನ ಮೇಲೆ ಗುಂಡಿ ಅಂಟಿದ ಚಿಪ್ಪನ್ನೂ ನೋಡಿದರು, ನನ್ನ ಮುಖವನ್ನೂ ನೋಡಿದರು, ಗುರುತು ಹಾಕಿದರು. ನೂರಾ ಹನ್ನೆರಡಕ್ಕೆ ಬಂದಾಗ ಪೆನ್ನು ನಿಂತಿತು.

"ಇದೊಂದು ಇಲ್ಲ ಮೇಡಂ."

ಪ್ರಿನ್ಸಿಪಾಲರು ಬಾಗಿಲಲ್ಲೇ ಇದ್ದರು. "ಒಂದು ಇಲ್ಲ ಅಂದ್ರೆ ಪೂರ್ತಿ ಇಲ್ಲ ಅಂತಲ್ವಾ ಷರತ್ತು?" ಎಂದರು, ಸುಣ್ಣದ ಗೂಡಿನವನ ನಂಬರ್ ಜೇಬಿನಲ್ಲೇ ಇದ್ದವರ ಹಾಗೆ. ಆಗ ಅಟೆಂಡರ್ ಮುಂದೆ ಬಂದ.

"ಐತೆ ಸಾರ್. ಸ್ವಲ್ಪ ದೂರ ಐತೆ."

ಅಧಿಕಾರಿಯ ಜೀಪಿನಲ್ಲೇ ಹೋದೆವು. ಅವರೂ ಬೂಟು ಬಿಚ್ಚಿದರು, ಮುಳ್ಳು ತುಳಿದರು. ರೊಪ್ಪ ಖಾಲಿ. ಎತ್ತುಗಳು ಕಾವಲಿನ ಹುಲ್ಲು ಮೇಯಲು ಹೋಗಿದ್ದವು, ಸಂಜೆಗೇ ವಾಪಸು. ಅಧಿಕಾರಿಗೆ ನಾಲ್ಕು ಗಂಟೆಯ ಬಸ್ಸು. ಕಾಲು ನೋವಿಗಾಗಿ ಅಜ್ಜ ಅವತ್ತು ರೊಪ್ಪದಲ್ಲೇ ಉಳಿದಿದ್ದರು.

"ನೋಡದೆ ನಾನು ಗುರುತು ಹಾಕೋಕೆ ಆಗಲ್ಲ," ಎಂದರು ಅಧಿಕಾರಿ.

"ಕೇಳಿಸ್ಕಳ್ರಿ," ಎಂದ ಅಜ್ಜ ಕೈ ಮುಗಿದು ಶುರು ಮಾಡಿದರು. ನೂರಾ ಹನ್ನೆರಡು. ಮಲ್ಪೆ. ನಲವತ್ತು ಮಾರು. ಕಟ್ಟಿಗೆ ಹೊತ್ತು ಬರುತ್ತಿದ್ದ ಮುದುಕಿಯೊಬ್ಬಳು ಹೊರೆ ಇಳಿಸಿ ದನಿಗೂಡಿಸಿದಳು. ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. "ಸ್ಪಂಜು ತಿನ್ನುತ್ತದೆ" ಎನ್ನುವ ಹೊತ್ತಿಗೆ ಇಡೀ ಹಟ್ಟಿ ಹೇಳುತ್ತಿತ್ತು. ಅಧಿಕಾರಿ ರಿಜಿಸ್ಟರಿನ ಸಾಲಿನ ಮೇಲೆ ಬೆರಳಿಟ್ಟು ಮಾತು ಮಾತಿಗೂ ಸರಿಸುತ್ತ ಬಂದರು. ಒಂದು ಅಕ್ಷರ ತಪ್ಪಲಿಲ್ಲ.

"ಚೀಟಿ ಎಲ್ಲಿದೆ?"

"ಚಿಪ್ಪಿನ ಜೊತೇಲೇ ತಾಯತದಲ್ಲಿ ಐತೆ ಸಾರ್," ಎಂದ ಅಟೆಂಡರ್. "ಬ್ಯಾರೆ ಮಾಡಿದ್ರೆ ಮೇಡಂ ಕೊಲ್ತಾರೆ."

ಅಧಿಕಾರಿ ಪೆನ್ನು ತೆಗೆದರು. "ನಮ್ಮ ಸಂಗ್ರಹಾಲಯದಲ್ಲಿರೋ ಒಂದು ಚೀಟಿನೂ ನಮಗ್ಯಾರಿಗೂ ಬಾಯಿಪಾಠ ಬರಲ್ಲ," ಎಂದು ಜೀಪಿನ ಬಾನೆಟ್ಟಿನ ಮೇಲೆ ರಿಜಿಸ್ಟರ್ ಇಟ್ಟು ಬರೆಯತೊಡಗಿದರು. ನಾನು ಪಕ್ಕದಲ್ಲಿ ನಿಂತೆ. ಕಾಲಲ್ಲಿ ಮುಳ್ಳು ಮುರಿದಿತ್ತು, ಕಣ್ಣಲ್ಲಿ ನೀರಿತ್ತು, ಅಟೆಂಡರ್ ನೋಡುತ್ತಿದ್ದಾನೆಂದು ಅವನಿಗೊಂದು ಬೈದೆ.

ಆ ಪುಟದ ನಕಲು ಈಗಲೂ ನನ್ನ ಹತ್ತಿರ ಇದೆ. ಬೀರು ಪೂರ್ತಿ ಸ್ವೀಕರಿಸಲಾಗಿದೆ ಎಂದು ಮೇಲೆ ಬರೆದಿದ್ದಾರೆ. ನೂರಾ ಹನ್ನೆರಡರ ಎದುರು, ಈಗ ಇರುವ ಸ್ಥಳ ಎನ್ನುವ ಕಡೆ, "ದೇವರ ಎತ್ತಿನ ಕೊರಳು." ಅದರ ಪಕ್ಕದ ಷರಾ ಕಾಲಂನಲ್ಲಿ, ಸಹಿ, ಸೀಲು ಸಮೇತ, "ಪರಿಶೀಲನೆಯ ಹೊತ್ತಿಗೆ ಮೇಯಲು ಹೋಗಿತ್ತು."